ಮೂರಡಿ ಟ್ರ್ಯಾಕ್ಟರಿಗೆ ನಾಲ್ಕೂವರೆ ಅಡಿ ದಾರಿ



ಟ್ರ್ಯಾಕ್ಟರ್ ಕೊಳ್ಳಬೇಕೆಂದು ಮನಸ್ಸು ಮಾಡಿದವರು ಮೊದಲು ಹೋಗುವುದು ಷೋರೂಮಿಗೆ. ಎಷ್ಟು ಎಚ್‌ಪಿ, ಎಷ್ಟು ಮುಂಗಡ, ಎಷ್ಟು ಕಂತು ಎಂದು ವಿಚಾರಿಸುತ್ತಾರೆ, ಸೀಟಿನ ಮೇಲೆ ಹತ್ತಿ ಕುಳಿತು ನೋಡುತ್ತಾರೆ. ಸಣ್ಣ ಟ್ರ್ಯಾಕ್ಟರ್ ಕೊಳ್ಳುವವರಿಗೆ ನನ್ನದೊಂದು ವಿನಂತಿ ಇದೆ. ಮೊದಲು ಒಂದು ಅಳತೆಯ ಟೇಪು ಹಿಡಿದುಕೊಂಡು ನಿಮ್ಮ ಹೊಲಕ್ಕೆ ಹೋಗಿ. ಕಬ್ಬಿನ ಸಾಲಿನಿಂದ ಸಾಲಿಗೆ ಎಷ್ಟು ಅಡಿ ಇದೆ, ಹೊಲದ ತುದಿಯಲ್ಲಿ ಗಾಡಿ ತಿರುಗಿಸಿಕೊಳ್ಳಲು ಎಷ್ಟು ಜಾಗ ಉಳಿದಿದೆ, ಬದುವಿನ ಮೇಲಿನ ದಾರಿ ಎಷ್ಟು ಅಗಲ ಇದೆ ಎಂದು ಅಳೆದು ಬರೆದುಕೊಳ್ಳಿ. ಆ ಚೀಟಿ ಇಟ್ಟುಕೊಂಡು ಆಮೇಲೆ ಜಮಖಂಡಿಗೋ ಮುಧೋಳಕ್ಕೋ ಹೋಗಿ. ಈ ಅಳತೆ ಮೊದಲೇ ಮಾಡಿದವರ ಮನೆಯಲ್ಲಿ ಆ ಗಾಡಿ ದಿನವೂ ದುಡಿಯುತ್ತದೆ. ಮಾಡದವರ ಮನೆಯಲ್ಲಿ ತಗಡಿನ ಶೆಡ್ಡಿನೊಳಗೆ ನಿಂತು ಕಂತು ತಿನ್ನುತ್ತದೆ. ಎರಡೂ ಬಗೆಯ ಮನೆಗಳು ಕೃಷ್ಣೆ, ಘಟಪ್ರಭೆಯ ದಂಡೆಯ ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ.

ಹದಿನೈದರಿಂದ ಇಪ್ಪತ್ತೆಂಟು ಎಚ್‌ಪಿವರೆಗಿನ ಗಾಡಿಗೆ ನಮ್ಮ ಕಡೆ ಮಿನಿ ಟ್ರ್ಯಾಕ್ಟರ್ ಎನ್ನುತ್ತೇವೆ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆಗೂಡಿ ಶುರುವಾದದ್ದು. ಮೊದಲು ಪವರ್ ಟಿಲ್ಲರ್‌ನಿಂದ ಹೆಸರಾಯಿತು, ಬಳಿಕ ಹದಿನೆಂಟೂವರೆ ಎಚ್‌ಪಿಯ ಶಕ್ತಿ ಟ್ರ್ಯಾಕ್ಟರ್ ತಂದಿತು. ಮಹೀಂದ್ರದ ಹದಿನೈದು ಎಚ್‌ಪಿಯ ಯುವರಾಜ, ಇಪ್ಪತ್ನಾಲ್ಕರ ಜೀವೋ, ಕುಬೋಟಾದ ನಾಲ್ಕು ಗಾಲಿ ಎಳೆಯುವ ಗಾಡಿ, ಹೀಗೆ ಈಗ ಆರಿಸಿಕೊಳ್ಳಲು ಹತ್ತಾರಿವೆ. ಯಾವುದು ಒಳ್ಳೆಯದು ಎಂದು ಹೇಳಲು ನಾನಿಲ್ಲಿ ಬಂದಿಲ್ಲ. ಇವೆಲ್ಲಕ್ಕೂ ಸಮಾನವಾದ ಎರಡು ಗುಣಗಳನ್ನು ಮಾತ್ರ ನೆನಪಿಸುತ್ತೇನೆ. ಒಂದು, ಗಾಲಿಯ ಹೊರ ಅಂಚಿನಿಂದ ಅಂಚಿಗೆ ಅಗಲ ಮೂರಡಿಯ ಆಸುಪಾಸು. ಇನ್ನೊಂದು, ತೂಕ ಕಡಿಮೆ, ಹದಿನೈದು ಹದಿನೆಂಟು ಎಚ್‌ಪಿಯವಂತೂ ಒಂದು ಟನ್ನಿನ ಒಳಗೆ. ಐವತ್ತು ಎಚ್‌ಪಿಯ ದೊಡ್ಡ ಗಾಡಿ ಸುಮಾರು ಎರಡು ಟನ್ನು ತೂಗುತ್ತದೆ. ಎರೆಹೊಲದಲ್ಲಿ ಹಸಿ ಇನ್ನೂ ಆರದಿರುವಾಗ ದೊಡ್ಡ ಗಾಡಿ ಇಳಿಸಿದರೆ ಗಾಲಿಯ ಕೆಳಗಿನ ಮಣ್ಣು ಒತ್ತಿ ಗಟ್ಟಿಯಾಗುತ್ತದೆ, ಮುಂದೆ ಅಲ್ಲಿ ನೀರೂ ಇಳಿಯುವುದಿಲ್ಲ, ಬೇರೂ ಇಳಿಯುವುದಿಲ್ಲ. ಜಮಖಂಡಿ, ಮುಧೋಳದ ನೀರಾವರಿ ಜಮೀನಿನಲ್ಲಿ ಸವಳು, ಜವಳಿನ ಬಾಧೆ ಮೊದಲೇ ಇರುವಾಗ ಈ ತೂಕದ ವಿಚಾರ ಸಣ್ಣದಲ್ಲ.

ನಮ್ಮ ಸೀಮೆಗೆ ಈ ಗಾಡಿ ಯಾಕೆ ಇಷ್ಟು ಬೇಕಾಯಿತು? ನೀರು ಬಂದದ್ದೇ ಮೊದಲ ಕಾರಣ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಹಾಕಿ, ರಟ್ಟೆ ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಹಿಪ್ಪರಗಿಯ ಬ್ಯಾರೇಜು ಆಯಿತು, ಘಟಪ್ರಭೆಯ ಕಾಲುವೆ ಇತ್ತು. ಜೋಳ ಬಿತ್ತುತ್ತಿದ್ದ ಎರೆಯಲ್ಲಿ ಕಬ್ಬು ಎದ್ದು ನಿಂತಿತು. ಹಿರೇಪಡಸಲಗಿ, ಸಿದ್ದಾಪುರ, ಸಮೀರವಾಡಿ, ತಿಮ್ಮಾಪುರ, ಉತ್ತೂರು, ಬಾಡಗಂಡಿ ಎಂದು ಸುತ್ತಲೂ ಕಾರ್ಖಾನೆಗಳಾದವು, ಮಹಾಲಿಂಗಪುರದ ಬೆಲ್ಲದ ಪೇಟೆಯಂತೂ ಮೊದಲಿನಿಂದಲೇ ಹೆಸರುವಾಸಿ. ಜೋಳದ ಹೊಲಕ್ಕೆ ವರ್ಷದಲ್ಲಿ ನಾಲ್ಕು ತಿಂಗಳ ಕೆಲಸ, ಕಬ್ಬಿಗೆ ಹನ್ನೆರಡು ತಿಂಗಳೂ ಕೆಲಸ. ಅದೇ ಹೊತ್ತಿಗೆ ಅಣ್ಣತಮ್ಮಂದಿರ ಪಾಲಾಗಿ ಹೊಲ ಸಣ್ಣದಾಗುತ್ತ ಬಂತು. 2015-16ರ ಕೃಷಿ ಗಣತಿಯಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ತುಸು ಕಡಿಮೆ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟವರು ಪುನರ್ವಸತಿ ಕೇಂದ್ರದಲ್ಲಿ ಮನೆ ಮಾಡಿದ್ದಾರೆ, ಉಳಿದ ತುಂಡು ಹೊಲ ಮೈಲುಗಟ್ಟಲೆ ದೂರ. ಮೂರೂವರೆ ಎಕರೆಗೆ ಐವತ್ತು ಎಚ್‌ಪಿಯ ಗಾಡಿ ಭಾರ, ಜೋಡೆತ್ತು ಕಟ್ಟೋಣವೆಂದರೆ ಮೇಯಿಸುವವರಿಲ್ಲ. ಖಿಲಾರಿ ಎತ್ತಿನ ಸೀಮೆ ನಮ್ಮದು. ಒಂದು ಒಳ್ಳೆಯ ಜೋಡಿಯ ಬೆಲೆ, ಮೇವು, ಅದರ ಹಿಂದೆ ದಿನವೆಲ್ಲ ಇರಬೇಕಾದ ಒಬ್ಬ ಆಳು, ಇದಿಷ್ಟೂ ಸಣ್ಣ ಹಿಡುವಳಿಯವನಿಗೆ ಎಟುಕದಾಯಿತು. ಆ ತೆರವಾದ ಜಾಗಕ್ಕೆ ಸಣ್ಣ ಟ್ರ್ಯಾಕ್ಟರ್ ಬಂತು.

ಇನ್ನು ಸಾಲಿನ ಮಾತು. ನಮ್ಮ ಹಿರಿಯರು ಎರಡೂವರೆ, ಮೂರಡಿಗೆ ಕಬ್ಬಿನ ಸಾಲು ಬಿಡುತ್ತಿದ್ದರು. ಎತ್ತು ಹೋಗಿ ಬರಲು ಅಷ್ಟು ಸಾಕಾಗಿತ್ತು. ಮೂರಡಿ ಅಗಲದ ಗಾಡಿ ಮೂರಡಿ ಸಾಲಿನಲ್ಲಿ ಹೋದರೆ ಎರಡೂ ಕಡೆ ಮರಿಗಳನ್ನು ತುಳಿದೇ ಹೋಗಬೇಕು. ಅದಕ್ಕೆ ಸಾಲು ಅಗಲ ಮಾಡಿ ಎಂದು ನಮ್ಮ ಮಗ್ಗುಲ ಹೊಲದ ಹಿರಿಯರೊಬ್ಬರಿಗೆ ಹೇಳಿದಾಗ ಅವರು ಕೇಳಿದ್ದು ಹೀಗೆ:

“ಸಾಲು ಅಗಲ ಮಾಡಿದ್ರ ಕಬ್ಬು ಕಡಿಮಿ ಆಗೂದಿಲ್ಲೇನಪಾ?”

“ಸಾಲು ಕಡಿಮಿ ಆಗ್ತಾವ್ರಿ ಕಾಕಾ, ಕಬ್ಬು ಕಡಿಮಿ ಆಗೂದಿಲ್ಲ,” ಎಂದೆ.

ಅವರು ಒಪ್ಪಲಿಲ್ಲ, ಲೆಕ್ಕ ಕೇಳಿದರು. ಕೇಳಬೇಕಾದದ್ದೇ. ಎಕರೆಗೆ 43,560 ಚದರ ಅಡಿ. ಮೂರಡಿ ಸಾಲಾದರೆ ಎಲ್ಲ ಸಾಲುಗಳ ಒಟ್ಟು ಉದ್ದ 14,520 ಅಡಿ. ನಾಲ್ಕೂವರೆ ಅಡಿಯಾದರೆ 9,680 ಅಡಿ. ಕಾಗದದ ಮೇಲೆ ಮೂರನೆಯ ಒಂದು ಪಾಲು ಸಾಲು ಹೋಯಿತು. ಆದರೆ ಇಕ್ಕಟ್ಟಿನ ಸಾಲಿನಲ್ಲಿ ಒಡೆದ ಮರಿಗಳೆಲ್ಲ ಕಬ್ಬಾಗುವುದಿಲ್ಲ. ಬೆಳಕು ಸಿಗದೆ ಬಹಳಷ್ಟು ನಡುವೆಯೇ ಸಾಯುತ್ತವೆ, ಉಳಿದವು ಸಣಕಲಾಗುತ್ತವೆ. ಅಗಲ ಸಾಲಿನಲ್ಲಿ ಗಾಳಿ, ಬೆಳಕು ಬುಡದವರೆಗೆ ಇಳಿದು ಮರಿ ಉಳಿಯುತ್ತವೆ, ಗಣಿಕೆ ದಪ್ಪವಾಗುತ್ತದೆ, ಬೀಜದ ಕಬ್ಬೂ ಕಡಿಮೆ ಸಾಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು, ಸಂಕೇಶ್ವರದ ಕಬ್ಬಿನ ಸಂಶೋಧನಾ ಕೇಂದ್ರದವರು ಅಗಲ ಸಾಲಿನ ಮಾತನ್ನು ಹೇಳುತ್ತಲೇ ಬಂದಿದ್ದಾರೆ. ಹೊಸ ಲಾವಣಿ, ಅಂದರೆ ಕಬ್ಬಿನ ನಾಟಿ, ಮಾಡುವವರು ನಾಲ್ಕೂವರೆ ಅಡಿಗೆ ಕಡಿಮೆ ಮಾಡಬೇಡಿ, ಹನಿ ನೀರಾವರಿ ಇದ್ದರೆ ಐದಡಿ ಬಿಡಿ. ಹೊಲದ ಎರಡೂ ತುದಿಗೆ ಹತ್ತು ಹನ್ನೆರಡು ಅಡಿ ಖಾಲಿ ಇರಲಿ. ಆ ಜಾಗ ದಂಡವಾಯಿತು ಎಂದು ಬದುವಿನವರೆಗೂ ಕಬ್ಬು ಹಚ್ಚಿದರೆ ಪ್ರತಿ ಸಾಲಿಗೂ ಹಿಂದೆ ಮುಂದೆ ಮಾಡಿ ಗಾಡಿ ತಿರುಗಿಸಬೇಕು, ಡೀಸೆಲೂ ಹೊತ್ತೂ ಅಲ್ಲೇ ಸುಡುತ್ತದೆ.

ಅಗಲ ಸಾಲು ಬಿಟ್ಟವರಿಗೆ ಮೊದಲ ಮೂರು ತಿಂಗಳು ನಡುವಿನ ಜಾಗ ನೋಡಿ ಆಸೆಯಾಗುತ್ತದೆ. ಉಳ್ಳಾಗಡ್ಡಿ, ಶೇಂಗಾ, ಸೋಯಾ, ಕಡಲೆ ಏನಾದರೂ ಹಾಕೋಣವೆನ್ನಿಸುತ್ತದೆ. ಹಾಕಿ, ಸಂಸಾರಕ್ಕೆ ನಡುವೆ ನಾಲ್ಕು ಕಾಸು ಬರುತ್ತದೆ. ಆದರೆ ಆ ಮೂರು ತಿಂಗಳು ಗಾಡಿ ಸಾಲಿಗೆ ಇಳಿಯುವಂತಿಲ್ಲ, ಕಳೆ ಕೈಯಿಂದಲೇ ತೆಗೆಯಬೇಕು ಎಂಬುದನ್ನು ಲೆಕ್ಕದಲ್ಲಿ ಹಿಡಿಯಿರಿ. ಎಲ್ಲ ಸಾಲಿಗೂ ಹಾಕದೆ ಒಂದು ಬಿಟ್ಟು ಒಂದಕ್ಕೆ ಹಾಕುವವರಿದ್ದಾರೆ, ನನಗದು ಬಹಳ ಹಿಡಿಸಿದೆ.

ಸಣ್ಣ ಟ್ರ್ಯಾಕ್ಟರಿನ ಬೆಲೆ ಗೊತ್ತಾಗುವುದು ಕಬ್ಬಿನ ಬುಡಕ್ಕೆ ಮಣ್ಣು ಕೊಟ್ಟು ಬೋದು ಏರಿಸುವ ದಿನ. ಕಬ್ಬಿಗೆ ಮೂರೂವರೆ, ನಾಲ್ಕು ತಿಂಗಳಾಗಿರುತ್ತದೆ, ಗರಿ ಸೊಂಟ ದಾಟಿರುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಮಾಡಿ ಬಿಡಬೇಕು. ಉಂಡೆ ಒಡೆದು ಉದುರಿದರೆ ಹದ ಬಂದಿದೆ, ಅಂಗೈಗೆ ಮೆತ್ತಿದರೆ ಇನ್ನೆರಡು ದಿನ ಕಾಯಬೇಕು. ಗೊಬ್ಬರವನ್ನು ಬುಡಕ್ಕೆ ಹಾಕಿ, ಹನಿ ಪೈಪು ಇದ್ದರೆ ಸುತ್ತಿ ತೆಗೆದು, ಮೊದಲು ಮೂರಡಿಯ ರೋಟರ್ ಹೊಡೆಯಬೇಕು. ಕಳೆ ಸಾಯುತ್ತದೆ, ಮಣ್ಣು ಸಡಿಲಾಗುತ್ತದೆ. ಆಮೇಲೆ ಸಾಲು ಬಿಡುವ ನೇಗಿಲು ಕಟ್ಟಬೇಕು. ಇಲ್ಲಿ ಎರಡು ಚಿಕ್ಕ ಕೆಲಸಗಳನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಹಿಂದಿನ ಎರಡೂ ತೋಳುಗಳ ಚೈನು ಬಿಗಿ ಮಾಡಬೇಕು, ಇಲ್ಲದಿದ್ದರೆ ನೇಗಿಲು ಅತ್ತಿತ್ತ ಓಲಾಡಿ ಬುಡ ಕೀಳುತ್ತದೆ. ಟಾಪ್ ಲಿಂಕನ್ನು ತಿರುಗಿಸಿ ನೇಗಿಲಿನ ಬಾಗು ನೋಡಬೇಕು. ಗಿಡ್ಡ ಮಾಡಿದರೆ ಮೂಗು ತಗ್ಗಿ ಆಳಕ್ಕೆ ಹೋಗುತ್ತದೆ, ಉದ್ದ ಮಾಡಿದರೆ ಮೇಲೇಳುತ್ತದೆ. ಮೊದಲ ಸಾಲು ನಾಲ್ಕು ಮಾರು ಹೋಗಿ, ಇಳಿದು, ಹಿಂದೆ ಬಂದು ನೋಡಿ. ಎರಡೂ ಕಡೆಯ ಮಣ್ಣು ಸರಿಸಮ ಏರಿ ಬುಡ ಮುಚ್ಚಿದ್ದರೆ ಮುಂದೆ ಹೋಗಬಹುದು. ಲೋ ಗೇರಿನಲ್ಲಿ, ಒಂದೇ ರೇಸಿನಲ್ಲಿ ಹೋಗಬೇಕು. ಗರಿ ಎರಡೂ ಮಗ್ಗುಲಿಗೆ ಮುಖಕ್ಕೆ ಬಡಿಯುತ್ತಿರುತ್ತದೆ, ಕಣ್ಣಿಗೆ ಕನ್ನಡಕ, ತೋಳು ತುಂಬ ಅಂಗಿ ಇರಲಿ. ಹತ್ತು ಹದಿನೈದು ಆಳು ಸಲಿಕೆ ಹಿಡಿದು ಮಾಡುವ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ. ಬೋದು ಗಟ್ಟಿಯಾಗಿ ಏರಿದ ಕಬ್ಬು ಶ್ರಾವಣದ ಗಾಳಿಗೆ ಸುಲಭಕ್ಕೆ ಮಲಗುವುದಿಲ್ಲ.

ದಿನದ ಚಿಲ್ಲರೆ ಕೆಲಸಗಳು ಇನ್ನೂ ಬೇರೆ. ತೋಟದ ಮನೆಯಲ್ಲಿ ಬೆಳಗಾದರೆ ಹಾಲಿನ ಕ್ಯಾನು ಊರ ಡೇರಿಗೆ, ಬರುವಾಗ ಹಿಂಡಿಯ ಚೀಲ. ಮೇವು ಕೊಯ್ದು ತರುವುದು, ತಿಪ್ಪೆಯ ಗೊಬ್ಬರ ಹೊಲಕ್ಕೆ ಒಯ್ದು ಗುಡ್ಡೆ ಹಾಕುವುದು, ಕಣಕಿ ತಂದು ಬಣವೆ ಒಟ್ಟುವುದು, ಬೇಸಿಗೆಯಲ್ಲಿ ಕುಡಿಯುವ ನೀರಿನ ಟಾಕಿ. ಜಮಖಂಡಿ ತಾಲ್ಲೂಕಿನ ಸಾವಳಗಿ ಕಡೆ ದ್ರಾಕ್ಷಿ ತೋಟದವರು ಔಷಧ ಹೊಡೆಯುವ ಬ್ಲೋವರ್ ಎಳೆಸುವುದು ಇದೇ ಗಾಡಿಯಿಂದ. ದ್ರಾಕ್ಷಿ ಚಪ್ಪರದ ಕೆಳಗೆ ದೊಡ್ಡ ಗಾಡಿ ತೂರುವುದೇ ಇಲ್ಲ. ತೇರದಾಳ, ರಬಕವಿ ಕಡೆ ಅರಿಷಿಣದ ಸಾಲಿಗೆ ಮಣ್ಣು ಕೊಡುವುದು, ಒಣಗಿದ ಅರಿಷಿಣದ ಚೀಲ ಸಾಗಿಸುವುದು ಇದರಿಂದಲೇ. ಬನಹಟ್ಟಿಯಲ್ಲಿ ಒಬ್ಬ ತಮ್ಮ ಮಗ್ಗದ ಮುಂದೆ, ಒಬ್ಬ ಅಣ್ಣ ಹೊಲದಲ್ಲಿ ಇರುವ ಮನೆಗಳು ಎಷ್ಟೋ ಇವೆ. ಮನೆಯ ದುಡಿಯುವ ಕೈ ಎರಡು ಕಡೆ ಹಂಚಿಹೋಗಿರುವಾಗ ಒಬ್ಬನೇ ಹೊಲ ನೋಡಿಕೊಳ್ಳಲು ಈ ಗಾಡಿ ದಾರಿ ಮಾಡಿದೆ.

ದಂಡೆಯ ಊರಿನವರಿಗೆ ಇನ್ನೊಂದು ಕೆಲಸ ಇದೆ. ಜುಲೈ, ಆಗಸ್ಟ್‌ನಲ್ಲಿ ಮಹಾರಾಷ್ಟ್ರದಲ್ಲಿ ಮಳೆ ಹಿಡಿದು ಕೃಷ್ಣೆ ಏರುತ್ತಿದೆ ಎಂಬ ಸುದ್ದಿ ಬಂದ ರಾತ್ರಿ, ಹೊಳೆಯ ಪಾತ್ರದಲ್ಲಿ ಇಳಿಸಿದ ಪಂಪ್‌ಸೆಟ್ಟು, ಪೈಪು, ಕೇಬಲ್ಲು ಎಲ್ಲ ಮೇಲೆ ಎಳೆದು ತರಬೇಕು. ಹಸಿ ಮಣ್ಣಿನ ಇಳಿಜಾರಿಗೆ ಭಾರದ ಗಾಡಿ ಇಳಿಸಿದರೆ ಅದೇ ಹೂತು ನಿಲ್ಲುತ್ತದೆ. ಸಣ್ಣ ಗಾಡಿಯನ್ನು ಮೇಲಿನ ಗಟ್ಟಿ ನೆಲದಲ್ಲಿ ನಿಲ್ಲಿಸಿ ಉದ್ದ ಹಗ್ಗ ಕಟ್ಟಿ ಎಳೆಸಬಹುದು. 2019ರ ಆಗಸ್ಟ್‌ನ ಮಹಾಪೂರ ಕಂಡವರಿಗೆ ಒಂದು ತಾಸಿನ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಹಗ್ಗ ಕಟ್ಟುವಾಗ ಕೆಳಗಿನ ಡ್ರಾಬಾರಿಗೇ ಕಟ್ಟಿ. ಸೀಟಿನ ಹಿಂದೆ, ಅಚ್ಚಿಗಿಂತ ಮೇಲೆ ಎಲ್ಲಿ ಕಟ್ಟಿದರೂ ಭಾರ ಬಿದ್ದಾಗ ಮುಂದಿನ ಗಾಲಿ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ.

ಈ ಗಾಡಿ ಮಾಡಲಾರದ್ದನ್ನೂ ಹೇಳಬೇಕು. ಕರಿಕೆ ಹಬ್ಬಿದ ಎರೆಯನ್ನು ಆಳಕ್ಕೆ ಹೊಡೆಯಲು ಪಲ್ಟಿ ನೇಗಿಲೇ ಬೇಕು, ದೊಡ್ಡ ಗಾಡಿಯೇ ಬೇಕು. ಬಾಡಿಗೆಗೆ ಕರೆಸಿ. ಕರಿಕೆ, ಜೇಕು ಇರುವ ಹೊಲಕ್ಕೆ ರೋಟರ್ ಒಂದೇ ಹೊಡೆಯುತ್ತ ಹೋದರೆ ಬೇರು ತುಂಡು ತುಂಡಾಗಿ ಹೊಲವೆಲ್ಲ ಹರಡುತ್ತದೆ, ಒಂದೊಂದು ತುಂಡೂ ಚಿಗುರುತ್ತದೆ. ಮೇಲಿನ ಐದಾರು ಇಂಚು ಹಿಟ್ಟಿನಂತಾಗಿ ಅದರ ಕೆಳಗೆ ಗಟ್ಟಿ ಪದರ ಕೂರುತ್ತದೆ. ಕಬ್ಬು ಕಡಿದ ಮೇಲಿನ ರವದಿ ಕತ್ತರಿಸುವ ಯಂತ್ರವೂ ದೊಡ್ಡ ಗಾಡಿಯದೇ. ರವದಿಗೆ ಬೆಂಕಿ ಹಚ್ಚಬೇಡಿ ಎಂದು ಬಾನುಲಿಯಲ್ಲಿ ಎಷ್ಟೋ ಸಲ ಹೇಳಿದ್ದಾರೆ, ನಾನೂ ಕೈಮುಗಿದು ಹೇಳುತ್ತೇನೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಎಳೆದು ಹಾಕಿದರೆ ಖಾಲಿ ಸಾಲಿನಲ್ಲಿ ಸಣ್ಣ ಗಾಡಿ ಓಡುತ್ತದೆ, ತುಂಬಿದ ಸಾಲಿನಲ್ಲಿ ತೇವ ಉಳಿಯುತ್ತದೆ. ಇನ್ನು ಕಾರ್ಖಾನೆಗೆ ಕಬ್ಬು ಹೇರುವ ಆಸೆಯನ್ನಂತೂ ಬಿಟ್ಟುಬಿಡಿ. ಎಳೆಯುವ ಶಕ್ತಿ ಸಾಲದು ಎನ್ನುವುದಕ್ಕಿಂತ, ತುಂಬಿದ ಟ್ರೇಲರನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸುವ ತೂಕ ಈ ಗಾಡಿಗಿಲ್ಲ. ಹಿಂದಿನ ಭಾರವೇ ಮುಂದಿನ ಗಾಡಿಯನ್ನು ದೂಡಿಕೊಂಡು ಹೋಗುತ್ತದೆ.

ಹೊಸ ಸಾಧನ ಎಂದರೆ ಅನುಮಾನ ಪಡುವುದು ನಮ್ಮ ಭಾಗಕ್ಕೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಕಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಅಂಜಿದ್ದರು. ಮುಂದೆ ಅದೇ ನೇಗಿಲು ಕೃಷ್ಣೆಯ ಎರಡೂ ದಂಡೆಯ ಎರೆಯನ್ನು ಸೀಳಿತು. ಈಗಿನವರು ಯಂತ್ರಕ್ಕೆ ಅಂಜುವುದಿಲ್ಲ. ಅಂಜಬೇಕಾದ ಒಂದು ಜಾಗಕ್ಕೂ ಅಂಜುವುದಿಲ್ಲ ಎಂಬುದೇ ನನ್ನ ಕಳವಳ.

ಆ ಜಾಗ ಗಾಡಿಯ ಹಿಂದೆ ಇದೆ. ಇಂಜಿನ್ನಿನ ಶಕ್ತಿಯನ್ನು ರೋಟರಿನಂಥ ಉಪಕರಣಕ್ಕೆ ಕೊಡುವ, ಗಿರಗಿರ ತಿರುಗುವ ಪಿಟಿಒ ಶಾಫ್ಟ್. ನಿಮಿಷಕ್ಕೆ 540 ಸುತ್ತು, ಅಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ಹೆಗಲ ಮೇಲಿನ ಟವೆಲ್ಲಿನ ತುದಿ, ಧೋತರದ ಚುಂಗು, ಸೀರೆಯ ಸೆರಗು, ಹೆಣ್ಣುಮಕ್ಕಳ ಓಢಣಿ, ಯಾವುದು ಸಿಕ್ಕರೂ ಒಂದು ಸೆಕೆಂಡಿನಲ್ಲಿ ಆರೇಳು ಅಡಿ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಬಿಡಿಸಿಕೊಳ್ಳಲು, ಕೂಗಲು ಸಹ ವ್ಯವಧಾನವಿಲ್ಲ. ಗಾಡಿ ಕೊಂಡಾಗ ಶಾಫ್ಟಿನ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ಗ್ರೀಸ್ ಹಾಕಲು ಅಡ್ಡ ಬರುತ್ತದೆ ಎಂದು ಅದನ್ನು ಕಿತ್ತು ಮೂಲೆಗೆಸೆದವರನ್ನು ಊರೂರಿಗೂ ಕಂಡಿದ್ದೇನೆ. ಇವತ್ತೇ ಹುಡುಕಿ ತಂದು ಹಾಕಿ, ಒಡೆದಿದ್ದರೆ ಹೊಸದು ತನ್ನಿ. ರೋಟರಿಗೆ ರವದಿ ಸುತ್ತಿಕೊಂಡರೆ ಪಿಟಿಒ ಬಿಡಿಸಿ, ಇಂಜಿನ್ ನಿಲ್ಲಿಸಿ, ಕೀಲಿ ಕಿಸೆಗೆ ಹಾಕಿಕೊಂಡು ಆಮೇಲೆ ಕೈ ಹಾಕಿ. ಶಾಫ್ಟ್ ದಾಟುವುದು ಬೇಡ, ಗಾಡಿಯನ್ನು ಸುತ್ತಿಕೊಂಡು ಹೋಗಿ. ತಾಯಂದಿರೇ, ರಾಶಿ ಮಾಡುವ ಮಷೀನಿನ ಹತ್ತಿರ ಹೋಗುವಾಗ ಸೆರಗು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಜಡೆಯನ್ನು ಮೇಲಕ್ಕೆ ಕಟ್ಟಿ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಕೇಳಿಬರುವ ಅಪಘಾತಗಳಲ್ಲಿ ಹೆಣ್ಣುಮಕ್ಕಳದೂ ಪಾಲಿದೆ.

ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸುವುದನ್ನು ಬಿಡಲೇಬೇಕು. ಮಗ ಆಸೆಪಡುತ್ತಾನೆ, ತಂದೆಗೂ ಹಿಗ್ಗು. ಬದುವಿಗೆ ಗಾಲಿ ಏರಿ ಒಂದು ಜೋಲಿ ಹೊಡೆದರೆ ಮಗು ಬೀಳುವುದು ಹಿಂದಿನ ಗಾಲಿಯ ಕೆಳಗೇ. ಸಣ್ಣ ಗಾಡಿಗೆ ಅಗಲ ಕಡಿಮೆ, ಆದ್ದರಿಂದ ಮಗ್ಗುಲಿಗೆ ಮಗುಚುವುದೂ ಬೇಗ. ಬದು ದಾಟುವಾಗ ಓರೆಯಾಗಿ ಹೋಗದೆ ನೇರ ಹೋಗಿ, ನಿಧಾನ ಹೋಗಿ. ಇನ್ನೊಂದು, ಬ್ರೇಕಿನ ಎರಡು ಪೆಡಲುಗಳು. ಹೊಲದಲ್ಲಿ ತಿರುಗಿಸಿಕೊಳ್ಳಲು ಅವು ಬೇರೆ ಬೇರೆ ಇರುತ್ತವೆ. ಡಾಂಬರು ರಸ್ತೆಗೆ ಬರುವ ಮುಂಚೆ ಎರಡನ್ನೂ ಜೋಡಿಸುವ ಕೊಂಡಿ ಹಾಕಬೇಕು. ಹಾಕದೆ ಜೋರಿನಲ್ಲಿ ಒಂದನ್ನೇ ತುಳಿದರೆ ಗಾಡಿ ಗಕ್ಕನೆ ಒಂದು ಕಡೆಗೆ ಎಳೆದು ಉರುಳುತ್ತದೆ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ರಸ್ತೆಯಲ್ಲಿ ರಾತ್ರಿ ಜೋಡಿ ಟ್ರೇಲರಿನ ಸಾಲೇ ಇರುತ್ತದೆ. ನಿಮ್ಮ ಸಣ್ಣ ಟ್ರೇಲರಿನ ಹಿಂದೆ ಕೆಂಪು ಹೊಳೆಯುವ ಪಟ್ಟಿ ಇಲ್ಲದಿದ್ದರೆ ಹಿಂದಿನವನಿಗೆ ಕಾಣುವುದಿಲ್ಲ.

ಆರೈಕೆ ಬಹಳವೇನಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಆಯಿಲ್ಲಿನ ಕಡ್ಡಿ, ರೇಡಿಯೇಟರಿನ ನೀರು, ಗಾಲಿಯ ಗಾಳಿ. ಏರ್ ಕ್ಲೀನರ್ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಎಣ್ಣೆಯ ಬಟ್ಟಲಿರುವ ಏರ್ ಕ್ಲೀನರ್ ಆದರೆ, ಬೇಸಿಗೆಯಲ್ಲಿ ಒಣ ಎರೆ ಹರಗುವ ದಿನಗಳಲ್ಲಿ ಪ್ರತಿ ಸಂಜೆ ಬಟ್ಟಲು ಬಿಚ್ಚಿ ನೋಡಿ. ತಳದಲ್ಲಿ ಕರಿ ರಾಡಿ ನಿಂತಿರುತ್ತದೆ. ಅದನ್ನು ಚೆಲ್ಲಿ, ಒರೆಸಿ, ಗುರುತಿನ ಗೆರೆಯವರೆಗೆ ಹೊಸ ಎಣ್ಣೆ ಹಾಕಿ. ಆ ಧೂಳು ಒಳಗೆ ಹೋದರೆ ಪಿಸ್ಟನ್, ಲೈನರ್ ಸವೆದು ಎರಡು ವರ್ಷದಲ್ಲಿ ಇಂಜಿನ್ ಹೊಗೆ ಉಗುಳುತ್ತದೆ. ಮಹಾನವಮಿಯ ಖಂಡೆ ಪೂಜೆಗೆ ಗಾಡಿ ತೊಳೆದು, ಹಾರ ಹಾಕಿ, ಕಾಯಿ ಒಡೆಯುತ್ತೇವೆ. ಅವತ್ತೇ ಗ್ರೀಸ್ ಗನ್ನು ಹಿಡಿದು ಎಲ್ಲ ನಿಪ್ಪಲ್ಲಿಗೂ ಗ್ರೀಸ್ ಕೊಡುವ ರೂಢಿ ಮಾಡಿಕೊಂಡ ಮನೆಯೊಂದು ನನಗೆ ಗೊತ್ತು. ಅವರ ಗಾಡಿ ಇಂದಿಗೂ ಗಟ್ಟಿಮುಟ್ಟಾಗಿದೆ.

ಎರಡು ಎಕರೆಯವರು ಸ್ವಂತ ಗಾಡಿ ಕೊಳ್ಳಬೇಕೆ? ಬೇಡವೆನ್ನುತ್ತೇನೆ, ಮಗ್ಗುಲ ಹೊಲಗಳಿಗೆ ಬಾಡಿಗೆ ಹೊಡೆಯುವ ಹುರುಪು ಇದ್ದರೆ ಮಾತ್ರ ಕೊಳ್ಳಲಿ. ರಾಜ್ಯ ಸರ್ಕಾರ 2014-15ರಲ್ಲಿ ಶುರು ಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಉಪಕರಣ ಬಾಡಿಗೆಗೆ ಸಿಗುತ್ತವೆ, ಮೊದಲು ಅಲ್ಲಿಂದ ಒಂದು ಹಂಗಾಮು ತಂದು ನೋಡಿ. ಅಣ್ಣತಮ್ಮಂದಿರು ಕೂಡಿ ಕೊಳ್ಳುವವರಿದ್ದರೆ ಗಾಡಿಯ ಮೇಲಿನ ಅವರ್ ಮೀಟರ್ ನೋಡಿ ಯಾರು ಎಷ್ಟು ತಾಸು ಹೊಡೆದರು, ಎಷ್ಟು ಡೀಸೆಲ್ ಹಾಕಿದರು ಎಂದು ಒಂದು ವಹಿಯಲ್ಲಿ ಬರೆಯಿರಿ. ಬಾಯಿ ಲೆಕ್ಕದಿಂದ ಮನೆ ಒಡೆದ ಉದಾಹರಣೆಗಳಿವೆ.

ಸಹಾಯಧನಕ್ಕೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಡಬೇಕು. ಉತಾರ, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಫ್ರೂಟ್ಸ್‌ನ ಎಫ್‌ಐಡಿ ನಂಬರು, ಪರಿಶಿಷ್ಟರಾದರೆ ಜಾತಿ ಪ್ರಮಾಣಪತ್ರ ಒಯ್ಯಿರಿ. ಅನುದಾನ ಮುಗಿದರೆ ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ, ಆದ್ದರಿಂದ ವರ್ಷದ ಆರಂಭದಲ್ಲೇ ಹೋಗಿ. ಮಂಜೂರಾತಿ ಕೈಗೆ ಬರುವ ಮುಂಚೆ ಡೀಲರಿಗೆ ಪೂರ್ತಿ ಹಣ ಕಟ್ಟಬೇಡಿ. ಕೊನೆಯದಾಗಿ, ಅಕ್ಟೋಬರಿನಲ್ಲಿ ಲಾವಣಿ ಇಟ್ಟುಕೊಂಡವರು ಸಾಲು ಬಿಡುವ ಟ್ರ್ಯಾಕ್ಟರಿನವನಿಗೆ ನಾಲ್ಕೂವರೆ ಅಡಿ ಎಂದು ಮುಂಚೆಯೇ ಹೇಳಿಡಿ.